ಕನ್ನಡನಾಡಿನಲ್ಲಿ ಸಿಂಹವಿದ್ದಿತೇ?

ಬೇಲೂರು ಹಳೇಬೀಡುಗಳಿಗೆ ಹೋಗಿಬಂದವರೆಲ್ಲರೂ ಹೊಯ್ಸಳರ ಲಾಂಛನಶಿಲ್ಪವನ್ನು ನೋಡಿಯೇ ಇರುತ್ತಾರೆ. ತನ್ನ ಮೇಲೆ ಎರಗಿದ ಮೃಗವೊಂದನ್ನು ವೀರನೊಬ್ಬನು ಇರಿಯುತ್ತಿರುವ ಆ ಶಿಲ್ಪವನ್ನು ತೋರಿಸಿ ಅಲ್ಲಿಯವರು ‘ಸಳನು ಸಿಂಹವನ್ನು ಕೊಂದನು’ ಎಂದು ಯಾತ್ರಿಕರಿಗೆ ಹೇಳುವುದನ್ನು ನಾನು ಹಲವು ಸಲ ಕೇಳಿದ್ದೇನೆ. ಶಾಸನಗಳನ್ನು ಓದಿದವರು ‘ಸಿಂಹವಲ್ಲ, ಹುಲಿ’ ಎಂದು ತಿದ್ದುತ್ತಾರೆ. ವಾದವು ಇಷ್ಟಕ್ಕೇ ನಿಂತಿದ್ದರೆ ಈ ಲೇಖನವನ್ನು ಬರೆಯುವ ಅವಶ್ಯಕತೆಯಿರಲಿಲ್ಲ. ಆದರೆ ಈಚೆಗೆ ನನ್ನ ಮಿತ್ರರೂ ವಿದ್ವಾಂಸರೂ ಆದ ಒಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಮ್ಮ ಕವಿಗಳು ಸಿಂಹವನ್ನು ಇಷ್ಟು ವಿಸ್ತಾರವಾಗಿ ವರ್ಣಿಸಿರುವುದರಿಂದಲೂ, ಶಿಲ್ಪಿಗಳು ಅದನ್ನು ದೇವಾಲಯ ದೇವಾಲಯದಲ್ಲಿಯೂ ಕಡೆದಿರುವುದರಿಂದಲೂ, ಮಲೆನಾಡಿನ ಅರಣ್ಯಗಳಲ್ಲಿ ಒಂದು ಕಾಲಕ್ಕೆ ಸಿಂಹಗಳು ನಿಜವಾಗಿಯೇ ವಾಸಿಸುತ್ತಿದ್ದಿರಬೇಕೆಂದೂ, ಅರಸರ ಬೇಟೆಯಿಂದ ಅವು ನಿರ್ಮೂಲವಾದುವೆಂದೂ ವಾದಿಸಿದರು. ಇದಕ್ಕೆ ಆಗಲೇ ಉತ್ತರ ಹೇಳಲು ನನಗೆ ತೋಚಲಿಲ್ಲ. ಮನೆಗೆ ಬಂದು ಆಲೋಚಿಸಿದಾಗ, ಪ್ರಶ್ನೆಯು ಮೃಗದ್ದಷ್ಟೇ ಅಲ್ಲ, ಮಾತನ್ನೂ ಶಿಲೆಯನ್ನೂ ಇತಿಹಾಸಕ್ಕೆ ಸಾಕ್ಷಿಯಾಗಿ ಎಷ್ಟರ ಮಟ್ಟಿಗೆ ತೆಗೆದುಕೊಳ್ಳಬಹುದೆಂಬುದೂ ಇದರಲ್ಲಿ ಅಡಗಿದೆಯೆಂದು ಕಂಡುಬಂದಿತು.

ಮೊದಲು ಪ್ರಮಾಣವಿಚಾರವಾಗಿ ಒಂದೆರಡು ಮಾತು. ನ್ಯಾಯಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಆಹ್ನಿಕವು ಒಂದು ಆಕ್ಷೇಪದಿಂದ ಆರಂಭವಾಗುತ್ತದೆ. ಪ್ರಮಾಣಗಳು ನಾಲ್ಕೇ ಎಂಬುದು ಸರಿಯಲ್ಲ, ಐತಿಹ್ಯ, ಅರ್ಥಾಪತ್ತಿ, ಸಂಭವ, ಅಭಾವ ಎಂಬುವೂ ಉಂಟಲ್ಲವೇ ಎಂದು ಪೂರ್ವಪಕ್ಷ. ಸೂತ್ರಕಾರರು ಐತಿಹ್ಯವನ್ನು ಶಬ್ದಪ್ರಮಾಣದೊಳಗೆ ಅಡಗಿಸಿ ಸಮಾಧಾನ ಹೇಳುತ್ತಾರೆ. ಮೊದಲು ನುಡಿದವನು ಇಂಥವನೆಂಬ ನಿರ್ದೇಶವಿಲ್ಲದೆ ಬಾಯಿಂದ ಬಾಯಿಗೆ ಹರಿದುಬಂದ ಮಾತೇ ಐತಿಹ್ಯವೆಂದು ಭಾಷ್ಯಕಾರರ ವಿವರಣೆ. ‘ಈ ಆಲದ ಮರದಲ್ಲಿ ಯಕ್ಷನಿದ್ದಾನೆ’ ಎಂಬುದು ತಾರ್ಕಿಕರು ಪಾಠದಲ್ಲಿ ಕೊಡುವ ಉದಾಹರಣೆ. ಆಪ್ತನಾದವನು ನುಡಿದಿದ್ದರೆ ಅದು ಶಬ್ದಪ್ರಮಾಣವೇ ಆಗುತ್ತದೆ. ನುಡಿದವನೇ ಸಿಕ್ಕದೆ ಹೋದರೆ ಅದಕ್ಕೆ ಪ್ರಾಮಾಣ್ಯವೇ ಇಲ್ಲ. ಆದುದರಿಂದ ಇಂಥ ಮೃಗ ಇಂಥಲ್ಲಿ ಕಂಡಿತು ಎಂಬ ಪ್ರತಿಯೊಂದು ವರ್ತಮಾನಕ್ಕೂ ಕೇಳಬೇಕಾದ ಮೊದಲನೆಯ ಪ್ರಶ್ನೆ, ಕಂಡವರು ಯಾರು ಎಂಬುದು.

ಈ ಪ್ರಶ್ನೆಯ ಬೆಲೆ ನನಗೆ ತಿಳಿದುದು ಗ್ರಂಥದಿಂದಲ್ಲ. ಸುಮಾರು ಇಪ್ಪತ್ತು ವರ್ಷಗಳ ಕೆಳಗೆ ಶಾಸನವೊಂದರ ಪಡಿಯಚ್ಚನ್ನು ತೆಗೆಯಲು ಬಯಲುಸೀಮೆಯ ಒಂದು ಹಳ್ಳಿಗೆ ಹೋಗಿದ್ದೆನು. ಊರ ಹೊರಗಿನ ಗುಡ್ಡಕ್ಕೆ ಸಿಂಹ ಬಂದಿದೆಯೆಂದು ಜನರು ಸಂಜೆಯ ಮೇಲೆ ಹೊರಗೆ ಹೊರಡುತ್ತಿರಲಿಲ್ಲ. ಎರಡು ಕುರಿಗಳು ಹೋಗಿದ್ದುವು. ಕಂಡವರು ಯಾರೆಂದು ಕೇಳಿದರೆ ಅಂಗಡಿಯವನು ಕುರುಬರ ಹುಡುಗನನ್ನು ತೋರಿಸಿದನು. ಹುಡುಗನು ತನ್ನ ಸೋದರಮಾವನನ್ನು ತೋರಿಸಿದನು. ಮಾವನು ‘ನಾನು ಕಾಣಲಿಲ್ಲ ಸ್ವಾಮಿ, ಅಂಗಡಿಯಲ್ಲಿ ಹೇಳುತ್ತಿದ್ದರು’ ಎಂದನು. ಐತಿಹ್ಯದ ಲಕ್ಷಣವು ಇದಕ್ಕಿಂತ ಸ್ಪಷ್ಟವಾಗಿ ಯಾವ ಟೀಕೆಯಲ್ಲಿಯೂ ಇಲ್ಲ. ಮರುದಿನ ಅರಣ್ಯ ಇಲಾಖೆಯ ಕಾವಲುಗಾರನೊಬ್ಬನು ಬಂದು ಹಳ್ಳದ ಮರಳಿನಲ್ಲಿದ್ದ ಹೆಜ್ಜೆಗಳನ್ನು ನನಗೆ ತೋರಿಸಿದನು. ಬೆರಳುಗಳ ಮುಂದೆ ಉಗುರಿನ ಗುರುತು ಮೂಡಿದ್ದಿತು. ಹುಲಿ, ಚಿರತೆ, ಸಿಂಹಗಳು ನಡೆಯುವಾಗ ಉಗುರನ್ನು ಒಳಕ್ಕೆ ಎಳೆದುಕೊಳ್ಳುವುದರಿಂದ ಅವುಗಳ ಹೆಜ್ಜೆಯಲ್ಲಿ ಉಗುರು ಕಾಣದು. ಬಂದಿದ್ದುದು ಕತ್ತೆಕಿರುಬ. ಅದಕ್ಕೆ ಕತ್ತಿನಿಂದ ಬೆನ್ನಿನುದ್ದಕ್ಕೂ ನಿಮಿರಿ ನಿಲ್ಲುವ ಕೂದಲುಂಟು. ಮಬ್ಬುಗತ್ತಲೆಯಲ್ಲಿ ಕೇಸರವೆಂದು ಭ್ರಮಿಸುವುದಕ್ಕೆ ಅಷ್ಟು ಸಾಕು. ಆ ಜನರು ಸುಳ್ಳು ಹೇಳಲಿಲ್ಲವೆಂಬುದನ್ನು ಗಮನಿಸಬೇಕು. ಗೋಡೆಯ ಮೇಲಿನ ದೇವಿಯ ಪಟದಲ್ಲಿ ತಾವು ನಿತ್ಯವೂ ನೋಡುತ್ತಿದ್ದ ಮೃಗದ ಹೆಸರನ್ನು ಗುಡ್ಡದಲ್ಲಿ ಕಂಡ ಮೃಗಕ್ಕೆ ಇಟ್ಟರು, ಅಷ್ಟೇ.

ಇನ್ನು ಪ್ರಕೃತಕ್ಕೆ ಬರೋಣ. ನಮ್ಮ ದೇಶದ ಸಿಂಹವು ಐತಿಹಾಸಿಕ ಕಾಲದಲ್ಲಿ ಪಶ್ಚಿಮ ಏಷ್ಯಾದಿಂದ ಪಾರಸೀಕ ದೇಶದ ಮೂಲಕ ಸಿಂಧು, ಪಂಚನದ, ಗಂಗಾತೀರದ ಬಯಲುಗಳವರೆಗೂ, ಪೂರ್ವದಲ್ಲಿ ಬಿಹಾರದ ಪಲಾಮೂ ಪ್ರಾಂತ್ಯದವರೆಗೂ ವ್ಯಾಪಿಸಿದ್ದಿತು. ದಕ್ಷಿಣದಲ್ಲಿ ಅದರ ಎಲ್ಲೆಯನ್ನು ನರ್ಮದಾನದಿಯೆಂದು ಪ್ರಾಣಿಶಾಸ್ತ್ರಜ್ಞರು ಹೇಳುತ್ತಾರೆ. ಕೋವಿಯ ಹಾವಳಿಯಿಂದ ಹತ್ತೊಂಬತ್ತನೆಯ ಶತಮಾನವು ಮುಗಿಯುವಷ್ಟರಲ್ಲಿ ಅದು ಸೌರಾಷ್ಟ್ರದ ಗಿರ್ ಅರಣ್ಯವೊಂದರಲ್ಲಿ ಮಾತ್ರ ಉಳಿಯಿತು. ಜುನಾಗಡದ ನವಾಬರ ರಕ್ಷಣೆಯಿಂದ ಅಲ್ಲಿ ಬದುಕಿಕೊಂಡ ಸಂತತಿಯು ಮತ್ತೆ ಬೆಳೆದು 2020ರ ಎಣಿಕೆಯಲ್ಲಿ 674, 2025ರ ಎಣಿಕೆಯಲ್ಲಿ 891 ಆಗಿದೆ. ಒಣಹುಲ್ಲು, ಕುರುಚಲುಗಿಡ, ವಿರಳವಾದ ಮರಗಳಿರುವ ನೆಲ ಅದಕ್ಕೆ ಪ್ರಿಯ. ಮಲೆನಾಡಿನ ಕಗ್ಗಾಡು ಹುಲಿಯ ನೆಲೆಯೇ ಹೊರತು ಸಿಂಹದ ನೆಲೆಯಲ್ಲ.

ಮಿತ್ರರು ಇದನ್ನೊಪ್ಪದೆ, ಪ್ರಾಣಿಶಾಸ್ತ್ರಜ್ಞರು ಇನ್ನೂರು ಮುನ್ನೂರು ವರ್ಷಗಳ ದಾಖಲೆಯನ್ನು ನೋಡಿ ಎಲ್ಲೆ ಹಾಕಿದ್ದಾರೆ, ಸಾವಿರ ವರ್ಷದ ಹಿಂದಿನದನ್ನು ಅವರು ಬಲ್ಲರೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಇದಕ್ಕೆ ಭಾಷೆಯೇ ಉತ್ತರ ಕೊಡುತ್ತದೆ. ಋಗ್ವೇದದಲ್ಲಿ ಸಿಂಹದ ಹೆಸರು ಹಲವೆಡೆ ಬರುತ್ತದೆ, ವ್ಯಾಘ್ರದ ಹೆಸರು ಒಮ್ಮೆಯೂ ಬರುವುದಿಲ್ಲ. ಅಥರ್ವವೇದದಲ್ಲಿ ವ್ಯಾಘ್ರವು ಕಾಣಿಸಿಕೊಳ್ಳುತ್ತದೆ. ಋಗ್ವೇದದ ಋಷಿಗಳು ಸಿಂಹವಿದ್ದ ವಾಯವ್ಯದ ಬಯಲಿನಲ್ಲಿದ್ದರೆಂದೂ, ಹುಲಿಯ ಪರಿಚಯವು ಪೂರ್ವದ ಕಾಡುಗಳ ಕಡೆಗೆ ಸರಿದ ಮೇಲೆ ಆಯಿತೆಂದೂ ವಿದ್ವಾಂಸರು ಇದರಿಂದ ಬಹುಕಾಲದ ಹಿಂದೆಯೇ ಊಹಿಸಿದರು. ಕನ್ನಡದಲ್ಲಿ ಇದೇ ನ್ಯಾಯವು ತಲೆಕೆಳಗಾಗಿ ನಿಲ್ಲುತ್ತದೆ. ಪುಲಿ, ಆನೆ, ಕರಡಿ, ತೋಳ, ನರಿ, ಪಂದಿ, ಚಿರತೆ, ಕಿರುಬ, ಕಾಟಿ, ಹೀಗೆ ನಮ್ಮ ಕಾಡಿನ ದೊಡ್ಡ ಮೃಗಗಳಿಗೆಲ್ಲ ನಮ್ಮವೇ ಆದ ಹೆಸರುಗಳಿವೆ. ಪುಲಿಯಂತೂ ತಮಿಳು, ಮಲಯಾಳ, ತೆಲುಗುಗಳಲ್ಲಿ ಅದೇ ರೂಪದಲ್ಲಿಯೂ ತುಳುವಿನಲ್ಲಿ ‘ಪಿಲಿ’ಯಾಗಿಯೂ ಇದೆ. ಸಿಂಹಕ್ಕೆ ಮಾತ್ರ ದೇಶ್ಯಪದವಿಲ್ಲ. ‘ಸಿಂಹ’ ಎಂಬ ತತ್ಸಮ, ‘ಸಿಂಗ’ ಎಂಬ ತದ್ಭವ, ಇವೆರಡೇ ನಮ್ಮ ಆಸ್ತಿ. ತಮಿಳರ ‘ಶಿಂಗಂ’ ಎಂಬುದೂ ಅಲ್ಲಿಂದಲೇ ಬಂದುದು. ತಮಿಳಿನ ‘ಆಳಿ’, ‘ಯಾಳಿ’ ಎಂಬುವನ್ನು ಯಾರಾದರೂ ಎತ್ತಿಯಾರು. ಆದರೆ ಯಾಳಿಯು ಸೊಂಡಿಲನ್ನೂ ಧರಿಸಬಲ್ಲ ಕಲ್ಪಿತ ಮೃಗವಾದುದರಿಂದ ಅದು ಈ ಪಂಕ್ತಿಯಲ್ಲಿ ಕೂಡತಕ್ಕುದಲ್ಲ. ಹಿಂದೆ ಒಂದು ದೇಶ್ಯಪದವಿದ್ದು ಸಂಸ್ಕೃತಪದದ ದಾಳಿಯಿಂದ ಅಳಿದಿರಬಾರದೇಕೆ ಎಂದರೆ, ವ್ಯಾಘ್ರಪದವು ಬಂದರೂ ಪುಲಿ ಅಳಿಯಲಿಲ್ಲ, ಗಜಪದವು ಬಂದರೂ ಆನೆ ಅಳಿಯಲಿಲ್ಲ. ದನ ಕಾಯುವವನು ದಿನವೂ ಕೂಗಬೇಕಾದ ಹೆಸರು ಹಾಗೆ ಅಳಿಯುವುದಿಲ್ಲ.

ಊರಹೆಸರುಗಳೂ ಈ ಪಕ್ಷವನ್ನೇ ಹಿಡಿಯುತ್ತವೆ. ಹುಲಿಕಲ್ಲು, ಹುಲಿಯೂರುದುರ್ಗ, ಕರಾವಳಿಯ ಪಿಲಿಕುಳ ಇವು ಮೃಗದಿಂದ ಬಂದ ಹೆಸರುಗಳು. ‘ಸಿಂಗ’ ಎಂಬುದು ಸೇರಿದ ಊರುಗಳು ನಮ್ಮಲ್ಲಿ ಉಂಟಾದರೂ, ನರಸಿಂಹನಿಂದಲೋ ಸಿಂಗನೆಂಬ ಪುರುಷನಿಂದಲೋ ಅವು ಹುಟ್ಟಿರುವ ಸಂಭವವೇ ಹೆಚ್ಚು. ದೈವಗಳನ್ನು ನೋಡಿದರೆ, ಪುರಾಣದ ದೇವಿಯು ಸಿಂಹವಾಹನೆ. ನಮ್ಮ ಜನಪದದ ಮಾದೇಶ್ವರನು ಹುಲಿಯ ಮೇಲೆ ಕುಳಿತವನು. ತುಳುನಾಡಿನ ಪಿಲಿಚಾಮುಂಡಿಯು ಹೆಸರಿನಲ್ಲಿಯೇ ಹುಲಿಯನ್ನು ಹೊತ್ತಿದ್ದಾಳೆ. ವೀರಗಲ್ಲುಗಳ ಸಾಕ್ಷ್ಯವು ಎಲ್ಲಕ್ಕಿಂತ ಬಲವಾದುದೆಂದು ನನ್ನ ಮತ. ವೀರಗಲ್ಲನ್ನು ನಿಲ್ಲಿಸಿದವರು ಕವಿಗಳಲ್ಲ, ಸತ್ತವನ ಮನೆಯವರೂ ಊರಿನವರೂ. ಹುಲಿಯೊಡನೆ ಕಾದಿ ಸತ್ತವರಿಗೆ ಕಲ್ಲುಗಳಿವೆ. ಹತ್ತನೆಯ ಶತಮಾನದ ಆತಕೂರಿನ ಶಾಸನದಲ್ಲಿ ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಗೂ ಕಲ್ಲು ನಿಂತಿದೆ. ನಾಯಿಯನ್ನು ಮರೆಯದ ಈ ಜನರು ಸಿಂಹದೊಡನೆ ಕಾದಿ ಸತ್ತ ಒಬ್ಬ ಮನುಷ್ಯನ ನೆನಪಿಗೂ ಕಲ್ಲು ನಿಲ್ಲಿಸಿದುದನ್ನು ನಾನು ಇದುವರೆಗೆ ಕಂಡಿಲ್ಲ.

ಹಾಗಾದರೆ ಕವಿಗಳ ಮಾತಿನ ಗತಿಯೇನು? ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಕವಿಸಮಯವನ್ನು ವಿವರಿಸುವಾಗ, ಇಲ್ಲದುದನ್ನು ಇದೆಯೆಂದು ನಿಬಂಧಿಸುವುದೂ ಅದರ ಒಂದು ಬಗೆಯೆಂದು ಹೇಳಿ, ಹರಿಯುವ ನದಿಗಳಲ್ಲಿ ತಾವರೆಯನ್ನೂ, ಎಲ್ಲ ಜಲಾಶಯಗಳಲ್ಲಿ ಹಂಸವನ್ನೂ, ಎಲ್ಲ ಬೆಟ್ಟಗಳಲ್ಲಿ ರತ್ನವನ್ನೂ ವರ್ಣಿಸುವುದನ್ನು ಉದಾಹರಿಸುತ್ತಾನೆ. ಕಾಡಿನ ವರ್ಣನೆಯಲ್ಲಿ ಸಿಂಹವು ಬರುವುದು ಈ ಜಾತಿಗೇ ಸೇರಿದುದು. ಆನೆಯ ಕುಂಭಸ್ಥಲವನ್ನು ಸಿಂಹವು ಸೀಳುವ ಚಿತ್ರವಂತೂ ನಮ್ಮ ಕಾವ್ಯಗಳ ನಿತ್ಯೋತ್ಸವ. ಆದರೆ ಈಗ ಸಿಂಹವಿರುವ ಗಿರ್ ಅರಣ್ಯದಲ್ಲಿ ಕಾಡಾನೆಯಿಲ್ಲ, ಕಾಡಾನೆಯಿರುವ ನಮ್ಮ ಮಲೆಯಲ್ಲಿ ಸಿಂಹವಿಲ್ಲ. ಮಾತು ಮೃಗವನ್ನು ಹೆರುವುದಕ್ಕೆ ಇನ್ನೂ ವಿಚಿತ್ರವಾದ ನಿದರ್ಶನವು ಹಂಸದೇವನೆಂಬ ಜೈನಪಂಡಿತನ ಮೃಗಪಕ್ಷಿಶಾಸ್ತ್ರದಲ್ಲಿದೆ. ಹದಿಮೂರನೆಯ ಶತಮಾನದ್ದೆಂದು ಎಣಿಸಲ್ಪಡುವ ಈ ಗ್ರಂಥದಲ್ಲಿ ಸಿಂಹಗಳು ಆರು ಜಾತಿಯೆಂದು ಹೇಳಿ ಒಂದೊಂದರ ಬಣ್ಣ, ಸ್ವಭಾವಗಳನ್ನು ಬೇರೆ ಬೇರೆಯಾಗಿ ಬಣ್ಣಿಸಿದೆ. ಆ ಜಾತಿಗಳ ಹೆಸರುಗಳಾದರೋ ಕೇಸರಿ, ಹರ್ಯಕ್ಷ, ಪಂಚಾಸ್ಯ ಮೊದಲಾದುವು. ಅಮರಕೋಶವನ್ನು ಬಾಲ್ಯದಲ್ಲಿ ಉರುಹೊಡೆದವರು ಇವುಗಳನ್ನು ಒಂದೇ ಮೃಗದ ಪರ್ಯಾಯಪದಗಳೆಂದು ಥಟ್ಟನೆ ಗುರುತಿಸುತ್ತಾರೆ. ಕೋಶದ ಒಂದು ಸಾಲು ಆರು ಮೃಗಗಳಾಗಿ ಒಡೆದುಹೋಯಿತು. ಕೋಶವನ್ನೇ ಕಾಡೆಂದು ತಿಳಿಯುವ ಈ ಅಭ್ಯಾಸ ನನ್ನಂಥ ಪಾಠಶಾಲೆಯ ಪಂಡಿತರಿಗೆ ಸಹಜವಾದುದೆಂಬುದನ್ನು ನಾನು ಒಪ್ಪಿಕೊಳ್ಳಲೇಬೇಕು.

ಶಿಲ್ಪದ ವಿಷಯಕ್ಕೆ ಬಂದರೆ, ಲಾಂಛನವು ನಾಡಿನ ಮೃಗವನ್ನೇ ತೋರಿಸಬೇಕೆಂಬ ನಿಯಮವಿಲ್ಲ. ಕದಂಬರದು ಸಿಂಹಲಾಂಛನ. ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ಉತ್ಖನನದಲ್ಲಿ ದೊರೆತ, ಕನ್ನಡದ ಅತ್ಯಂತ ಪ್ರಾಚೀನಶಾಸನಗಳಲ್ಲಿ ಒಂದೆಂದು ಈಗ ಚರ್ಚಿತವಾಗುತ್ತಿರುವ ಬರೆಹವಿರುವುದೂ ಸಿಂಹಕಟಾಂಜನದ ಮೇಲೆಯೇ. ಇದರಿಂದ ಬನವಾಸಿಯ ಕಾಡಿನಲ್ಲಿ ಸಿಂಹವಿದ್ದಿತೆಂದು ಸಾಧಿಸುವುದಾದರೆ, ಮೈಸೂರಿನ ಒಡೆಯರ ಲಾಂಛನದಿಂದ ಗಂಡಭೇರುಂಡವೂ ಎಲ್ಲಿಯೋ ಗೂಡು ಕಟ್ಟಿದ್ದಿತೆಂದು ಸಾಧಿಸಬೇಕಾದೀತು. ಸಿಂಹಾಸನ, ಸಿಂಹನಾದ, ಜಯಸಿಂಹ, ನರಸಿಂಹ, ಮಹಾವೀರನ ಸಿಂಹಲಾಂಛನ, ಇವೆಲ್ಲ ರಾಜತ್ವದೊಡನೆಯೂ ಧರ್ಮದೊಡನೆಯೂ ಉತ್ತರದಿಂದ ಬಂದ ಸಂಪತ್ತು.

ಹೊಯ್ಸಳಲಾಂಛನವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಳನ ಕಥೆಯು ಸ್ಪಷ್ಟವಾಗಿ ಕಾಣಿಸುವುದು ವಿಷ್ಣುವರ್ಧನನ ಕಾಲದ, ಕ್ರಿ. ಶ. 1117ರ ಬೇಲೂರಿನ ಶಾಸನದಲ್ಲಿ. ಸೊಸೆವೂರಿನಲ್ಲಿ, ಎಂದರೆ ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ವಾಸಂತಿಕಾದೇವಿಯ ಸನ್ನಿಧಿಯಲ್ಲಿ ಜೈನಮುನಿಯ ಮೇಲೆ ಹುಲಿಯೊಂದು ಎರಗಲು, ಮುನಿಯು ‘ಪೊಯ್ ಸಳ’ ಎಂದನೆಂದೂ, ಸಳನು ಅದನ್ನು ಹೊಡೆದು ಕೊಂದನೆಂದೂ ಕಥೆ. ಶಾಸನಗಳಲ್ಲಿ ಮೃಗದ ಹೆಸರು ಕನ್ನಡದಲ್ಲಿ ‘ಪುಲಿ’ಯೆಂದೂ ಸಂಸ್ಕೃತದಲ್ಲಿ ‘ಶಾರ್ದೂಲ’ವೆಂದೂ ಬರುತ್ತದೆ. ಹೊಡೆದ ಸಾಧನವು ಮುನಿಯು ಕೊಟ್ಟ ಸೆಳೆ, ಎಂದರೆ ಬೆತ್ತ. ಈಗ ಶಿಲ್ಪವನ್ನು ನೋಡಿರಿ. ಬೆತ್ತವು ಕತ್ತಿಯಾಗಿದೆ, ಹುಲಿಗೆ ಸುರುಳಿಸುರುಳಿಯಾದ ಕೇಸರ ಬಂದಿದೆ, ಮುನಿಯಂತೂ ಕಾಣುವುದೇ ಇಲ್ಲ. ಕಥೆಯನ್ನು ಬಿಡಿಸಿದ ಚಿತ್ರವಲ್ಲ ಇದು.

ಈ ವ್ಯತ್ಯಾಸಕ್ಕೆ ಎರಡು ಕಾರಣಗಳು ನನಗೆ ತೋರುತ್ತವೆ. ಮೊದಲನೆಯದು ಶಾರ್ದೂಲಶಬ್ದ. ಕೋಶದಲ್ಲಿ ಅದು ಹುಲಿಯನ್ನು ಹೇಳುವುದಾದರೂ, ಶಿಲ್ಪಿಗಳ ಪರಿಭಾಷೆಯಲ್ಲಿ ಸಿಂಹಮುಖದ ವ್ಯಾಲಮೃಗಕ್ಕೆ ಆ ಹೆಸರು ಸಲ್ಲುತ್ತದೆ. ಪಂಡಿತನು ಹುಲಿಯೆಂಬರ್ಥದಲ್ಲಿ ಶಾರ್ದೂಲವೆಂದನು. ಶಿಲ್ಪಿಯು ತನ್ನ ಶಾಸ್ತ್ರದ ಶಾರ್ದೂಲವನ್ನು ಕಡೆದನು. ಎರಡನೆಯದು ಲಾಂಛನದ ಸ್ಥಾನ. ಅದನ್ನು ನಿಲ್ಲಿಸುವುದು ವಿಮಾನದ ಶುಕನಾಸಿಯ ಮೇಲೆ. ಶುಕನಾಸಿಯ ಮೇಲೆ ಸಿಂಹವನ್ನಿಡುವ ಸಂಪ್ರದಾಯವು ಬೇರೆ ಪ್ರಾಂತ್ಯಗಳ ವಾಸ್ತುವಿನಲ್ಲಿಯೂ ಇದ್ದುದರಿಂದ, ಸಿಂಹವಿರಬೇಕಾದ ಸ್ಥಳಕ್ಕೆ ಹುಲಿಯ ಕಥೆಯು ಬಂದು ಕೂಡಿಕೊಂಡಿತೆಂದು ಹೇಳಬಹುದು. ಹುಲಿಯು ಚೋಳರ ಚಿಹ್ನೆಯೆಂದೂ, ತಲಕಾಡಿನ ವಿಜಯದ ಮೇಲೆ ವಿಷ್ಣುವರ್ಧನನು ಈ ಕಥೆಗೆ ಪ್ರಚಾರ ಕೊಟ್ಟನೆಂದೂ ಕೆಲವು ವಿದ್ವಾಂಸರು ಹೇಳುವುದುಂಟು. ಇದು ನಿಜವಾದ ಪಕ್ಷದಲ್ಲಿ ಕೊಲ್ಲಲ್ಪಟ್ಟುದು ಹುಲಿಯಾಗಿರಬೇಕಾದುದು ಇನ್ನೂ ಅವಶ್ಯಕ. ಆದರೆ ಪೊಯ್ಸಳನೆಂಬ ಹೆಸರು ಹನ್ನೊಂದನೆಯ ಶತಮಾನದ ಆರಂಭದಲ್ಲಿಯೇ ಕಾಣುವುದರಿಂದ ಹೆಸರಿನ ಹುಟ್ಟನ್ನು ಆ ವಿಜಯಕ್ಕೆ ಕಟ್ಟಲಾಗದು.

ಇಲ್ಲಿಯವರೆಗೆ ನಮ್ಮವರ ಮಾತಾಯಿತು. ಪರದೇಶದಿಂದ ಬಂದವರೊಬ್ಬರು ದಕ್ಷಿಣದಲ್ಲಿ ಸಿಂಹವುಂಟೆಂದು ಬರೆದಿಟ್ಟಿರುವುದನ್ನೂ ವಿಚಾರಿಸಬೇಕು. ಹದಿಮೂರನೆಯ ಶತಮಾನದ ಕಡೆಯಲ್ಲಿ ಬಂದ ವೆನಿಸ್ ನಗರದ ಮಾರ್ಕೊಪೋಲೊ, ಕೊಲ್ಲಂ ಪ್ರಾಂತ್ಯದಲ್ಲಿ ಮೈಯೆಲ್ಲ ಕಪ್ಪಾದ ಸಿಂಹಗಳಿವೆಯೆಂದು ಹೇಳುತ್ತಾನೆ. ಕಪ್ಪು ಸಿಂಹವೆಂಬುದು ಲೋಕದಲ್ಲಿಲ್ಲ. ಪಶ್ಚಿಮಘಟ್ಟದಲ್ಲಿ ಕರಿಚಿರತೆಯುಂಟು, ಕಬಿನಿಯ ಕಾಡಿನಲ್ಲಿ ಅದನ್ನು ಈಗಲೂ ಜನರು ನೋಡುತ್ತಾರೆ, ಛಾಯಾಚಿತ್ರವನ್ನೂ ತೆಗೆದಿದ್ದಾರೆ. ಇದೇ ಗ್ರಂಥಕಾರನು ಚೀನದೇಶದ ಪಟ್ಟೆಪಟ್ಟೆಯ ಮೃಗಗಳನ್ನೂ ಸಿಂಹಗಳೆಂದೇ ಕರೆಯುವುದರಿಂದ, ಹುಲಿಗೆ ಬೇರೆ ಹೆಸರು ಅವನಿಗೆ ತಿಳಿದಿರಲಿಲ್ಲವೆಂದು ತೋರುತ್ತದೆ. ನನ್ನ ಬಯಲುಸೀಮೆಯ ಹಳ್ಳಿಯವರಂತೆಯೇ ಅವನೂ ತನಗೆ ಗೊತ್ತಿದ್ದ ಹೆಸರನ್ನು ಗೊತ್ತಿಲ್ಲದ ಮೃಗಕ್ಕೆ ಇಟ್ಟನು.

ಇಂಥ ವದಂತಿಗಳು ಈಗಿನ ಕಾಲದಲ್ಲಿಯೂ, ನಾಗರಿಕವೆನಿಸಿದ ದೇಶಗಳಲ್ಲಿಯೂ ಹುಟ್ಟುತ್ತವೆ. ಕಾಡುಚಿರತೆಯೇ ಇಲ್ಲದ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಬಾಡ್ಮಿನ್ ಬಯಲಿನಲ್ಲಿ ದೊಡ್ಡ ಮಾರ್ಜಾಲಮೃಗವೊಂದು ಕುರಿಗಳನ್ನು ಕೊಲ್ಲುತ್ತಿದೆಯೆಂಬ ಗುಲ್ಲು ಹಬ್ಬಿ, ಸರ್ಕಾರವೇ ಪರಿಶೀಲನೆ ನಡೆಸಿ, ಅಂಥ ಮೃಗವುಂಟೆಂಬುದಕ್ಕೆ ಸಾಕಾದ ಆಧಾರವಿಲ್ಲವೆಂದು 1995ರಲ್ಲಿ ವರದಿ ಕೊಟ್ಟಿತು. ಕೆಲವೇ ದಿನಗಳಲ್ಲಿ ಹತ್ತಿರದ ಫಾಯ್ ಎಂಬ ನದಿಯಲ್ಲಿ ಹುಡುಗನೊಬ್ಬನಿಗೆ ಚಿರತೆಯ ತಲೆಬುರುಡೆ ಸಿಕ್ಕಿತು! ಲಂಡನ್ನಿನ ಪ್ರಾಕೃತಿಕ ಇತಿಹಾಸದ ವಸ್ತುಸಂಗ್ರಹಾಲಯದವರು ಪರೀಕ್ಷಿಸಿ, ಅದು ನಿಜವಾದ ಚಿರತೆಯದೇ ಎಂದು ಒಪ್ಪಿದರು. ಆದರೆ ಬುರುಡೆಯ ಹಿಂಭಾಗವನ್ನು ತಲೆಸಹಿತವಾದ ಚರ್ಮದ ಹಾಸನ್ನು ಮಾಡುವವರು ಕತ್ತರಿಸುವ ರೀತಿಯಲ್ಲಿ ಕತ್ತರಿಸಿದ್ದಿತು. ಒಳಗೆ ಉಷ್ಣದೇಶದ ಜಿರಲೆಯ ಮೊಟ್ಟೆಚೀಲವೊಂದು ಅಂಟಿಕೊಂಡಿದ್ದಿತು. ಎಂದರೆ ಮೃಗವು ಬೇರೆ ದೇಶದಲ್ಲಿ ಸತ್ತು, ಹಾಸಾಗಿ ಹಡಗು ಹತ್ತಿ ಬಂದಿದ್ದಿತು. ನಮ್ಮ ದೇವಾಲಯಗಳ ಸಿಂಹವನ್ನು ನೋಡಿದಾಗಲೆಲ್ಲ ನನಗೆ ಈ ಬುರುಡೆಯ ನೆನಪಾಗುತ್ತದೆ. ವಸ್ತುವು ಕಣ್ಣೆದುರಿಗೇ ಇದೆ, ಪ್ರತ್ಯಕ್ಷ. ಅದು ಸಿಕ್ಕಿದ ಸ್ಥಳದಲ್ಲಿಯೇ ಮೃಗವು ಬಾಳಿತೆಂಬ ಅನುಮಾನದಲ್ಲಿ ವ್ಯಾಪ್ತಿಯಿಲ್ಲ.

ಆದರೆ ಎಲ್ಲೆಯ ಹೊರಗೆ ಕಂಡ ಮೃಗದ ವರ್ತಮಾನವೆಲ್ಲವೂ ಸುಳ್ಳೆಂದು ಹೊರಡುವುದೂ ಅಷ್ಟೇ ದೊಡ್ಡ ದೋಷ. ಅದೇ ಬ್ರಿಟನ್ನಿನಲ್ಲಿ 1980ರಲ್ಲಿ ಸ್ಕಾಟ್ಲೆಂಡಿನ ಕಡೆ ಅಮೆರಿಕದ ಪ್ಯೂಮಾ ಒಂದು ನಿಜವಾಗಿಯೇ ಬೋನಿಗೆ ಬಿದ್ದಿತು. ನಮ್ಮಲ್ಲಿ ಗ್ವಾಲಿಯರಿನ ಮಹಾರಾಜರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆಫ್ರಿಕದ ಸಿಂಹಗಳನ್ನು ತರಿಸಿ ತಮ್ಮ ಕಾಡಿನಲ್ಲಿ ಬಿಡಿಸಿದರು. ಅವು ದನಗಳನ್ನೂ ಮನುಷ್ಯರನ್ನೂ ಹಿಡಿಯತೊಡಗಿದುವು. 1957ರಲ್ಲಿ ಉತ್ತರಪ್ರದೇಶದ ಚಂದ್ರಪ್ರಭಾ ಅರಣ್ಯದಲ್ಲಿ ಗಿರ್ ಸಿಂಹಗಳು ಮೂರನ್ನು ಬಿಡಲಾಗಿ, ಅವು ಕೆಲವು ವರ್ಷಗಳಲ್ಲಿ ಹನ್ನೊಂದಾಗಿ, ಆಮೇಲೆ ಕಾಣದಾದುವು. 2019ರ ಫೆಬ್ರವರಿಯಲ್ಲಿ, ಹುಲಿ ಅಳಿದುಹೋಗಿದ್ದ ಗುಜರಾತಿನ ಮಹಿಸಾಗರ ಜಿಲ್ಲೆಯಲ್ಲಿ ಶಾಲೆಯ ಉಪಾಧ್ಯಾಯರೊಬ್ಬರು ರಸ್ತೆಯ ಪಕ್ಕದಲ್ಲಿ ಹುಲಿಯನ್ನು ಕಂಡು ಚಿತ್ರ ತೆಗೆದರು. ಅರಣ್ಯ ಇಲಾಖೆಯವರು ಕಾಡಿನಲ್ಲಿ ಕ್ಯಾಮೆರಾಗಳನ್ನಿಟ್ಟು ಅದು ದಿಟವೆಂದು ಕಂಡರು. ಆ ಹುಲಿಯು ಅದೇ ತಿಂಗಳಲ್ಲಿ ಸತ್ತುಬಿದ್ದಿತು. ಇಲ್ಲಿ ಮೊದಲು ನುಡಿದವರು ಇದ್ದಾರೆ, ಕಂಡ ದಿನವಿದೆ, ಸ್ಥಳವಿದೆ. ಆದುದರಿಂದ ಇದು ಐತಿಹ್ಯವಲ್ಲ.

ನನ್ನ ಪಕ್ಷಕ್ಕೆ ವಿರುದ್ಧವಾಗಿ ತರಬಹುದಾದ ಪ್ರಬಲವಾದ ಸಾಕ್ಷ್ಯವೊಂದನ್ನು ಮುಚ್ಚಿಡುವುದು ಸರಿಯಲ್ಲ. ಸಿಂಹಳದ್ವೀಪದ ಕುರುವಿಟದಲ್ಲಿ ಭೂಮಿಯೊಳಗೆ ಸಿಕ್ಕಿದ ಹಲ್ಲುಗಳ ಆಧಾರದಿಂದ ಅಲ್ಲಿಯ ವಿದ್ವಾಂಸ ಡೆರಣಿಯಗಲ ಅವರು 1939ರಲ್ಲಿ ಅಲ್ಲಿಯದೇ ಆದ ಒಂದು ಸಿಂಹಜಾತಿಯನ್ನು ಪ್ರತಿಪಾದಿಸಿದರು. ಇದು ಸರಿಯಾಗಿದ್ದಲ್ಲಿ, ಸಮುದ್ರವು ತಗ್ಗಿದ್ದ ಕಾಲದಲ್ಲಿ ನೆಲದ ಮೇಲೆ ನಡೆದುಹೋದ ಸಿಂಹವು ದಕ್ಷಿಣಾಪಥವನ್ನು ಹಾದೇ ಹೋಗಿರಬೇಕು. ಆದರೆ ಆ ಸಿಂಹವು ಈಗ್ಗೆ ಸುಮಾರು 39,000 ವರ್ಷಗಳ ಕೆಳಗೆ ಅಳಿಯಿತೆಂದು ಎಣಿಕೆ. ಆಗ ಕನ್ನಡವಿರಲಿಲ್ಲ, ಸಂಸ್ಕೃತವೂ ಇರಲಿಲ್ಲ. ದ್ವೀಪದ ಹೆಸರಿನಲ್ಲಿರುವ ಸಿಂಹವು ವಿಜಯನ ವಂಶಕಥೆಯಿಂದ ಬಂದುದೇ ಹೊರತು ಈ ಹಲ್ಲುಗಳ ನೆನಪಿನಿಂದಲ್ಲ. ನಮ್ಮ ಕವಿಗಳಿಗೂ ಶಿಲ್ಪಿಗಳಿಗೂ ಇದರಿಂದ ಯಾವ ಸಹಾಯವೂ ಆಗದು. ಕನ್ನಡನಾಡಿನಲ್ಲಿ ಜೀವಂತಸಿಂಹವನ್ನು ಕಾಣಬೇಕಾದರೆ ಈಗ ಇರುವ ದಾರಿ, 1892ರಲ್ಲಿ ಸ್ಥಾಪಿತವಾದ ಮೈಸೂರಿನ ಮೃಗಾಲಯದಂಥ ಕಡೆಗೆ ಹೋಗುವುದು.

ಹೊಯ್ಸಳಲಾಂಛನದ ಬಗ್ಗೆ ಒಂದು ಕೆಲಸ ಉಳಿದಿದೆ. ಕಾಲವು ನಿಶ್ಚಿತವಾಗಿರುವ ದೇವಾಲಯಗಳ ಲಾಂಛನಶಿಲ್ಪಗಳನ್ನು ಕ್ರಮವಾಗಿ ಜೋಡಿಸಿ, ಕೇಸರವು ಮೊದಲಿನಿಂದಲೇ ಇದ್ದಿತೋ, ಕ್ರಮೇಣ ಬೆಳೆಯಿತೋ ಎಂಬುದನ್ನು ನೋಡಬೇಕು. ಸೌಕರ್ಯವುಳ್ಳ ತರುಣರು ಇದನ್ನು ಕೈಗೊಳ್ಳಬಹುದು. ಸಿಂಹದೊಡನೆ ಕಾದಿ ಸತ್ತವನ ವೀರಗಲ್ಲನ್ನು ವಾಚಕರಲ್ಲಿ ಯಾರಾದರೂ ಕಂಡಿದ್ದರೆ, ಕಲ್ಲಿರುವ ಊರಿನ ಹೆಸರನ್ನೂ ಶಾಸನದ ಪಡಿಯಚ್ಚನ್ನೂ ಪತ್ರಿಕೆಯ ಸಂಪಾದಕರ ಮೂಲಕ ಕಳುಹಿಸಿಕೊಡಬೇಕಾಗಿ ಪ್ರಾರ್ಥಿಸುತ್ತೇನೆ. ಮೇಲೆ ಹೇಳಿದುದನ್ನು ತಿದ್ದಿಕೊಂಡು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುವೆನು.